ಯಂತ್ರಗಳ ಆಳ್ವಿಕೆ ಬರುತ್ತೆ ಎಂದವನು, ಮನುಷ್ಯರ ಕಾನೂನಿಗೆ ಬಲಿಯಾದವನು: ಅಲನ್ ಟ್ಯೂರಿಂಗ್ ಬದುಕು

ಎಐ ಬಗ್ಗೆ ಬಂದ ಯಾವುದೇ ಸಿನಿಮಾ ತಗೊಳ್ಳಿ, ಕಥೆ ಹೆಚ್ಚುಕಮ್ಮಿ ಒಂದೇ. ಮನುಷ್ಯ ಒಂದು ಯಂತ್ರ ಕಟ್ಟುತ್ತಾನೆ. ಅದು ಕಲಿಯುತ್ತೆ, ಕಟ್ಟಿದವನಿಗಿಂತ ಜಾಣ ಆಗುತ್ತೆ, ಕೊನೆಗೆ ಅವನ ಮಾತು ಕೇಳೋದನ್ನೇ ನಿಲ್ಲಿಸುತ್ತೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಹಾಲ್ 9000, 1984ರ ‘ಟರ್ಮಿನೇಟರ್’ನ ಸ್ಕೈನೆಟ್, 2010ರಲ್ಲಿ ರಜನಿಕಾಂತ್ ಮಾಡಿದ ಚಿಟ್ಟಿ, ಎಲ್ಲವೂ ಇದೇ ಸಾಲಿನವು. ಕನ್ನಡದಲ್ಲೂ 2002ರಲ್ಲೇ ‘ಹಾಲಿವುಡ್’ ಬಂದು ಉಪೇಂದ್ರ ರೋಬೋ ಆಗಿದ್ದರು.

ಈ ಕಥೆಯನ್ನು ಸಿನಿಮಾದವರು ಹುಟ್ಟಿಸಿದ್ದಲ್ಲ. 1951ರಲ್ಲಿ, ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಕಂಪ್ಯೂಟರ್‌ಗಳಿದ್ದ ಕಾಲದಲ್ಲಿ, ಅವುಗಳನ್ನು ಕಟ್ಟುವ ಕೆಲಸದಲ್ಲೇ ಇದ್ದ ಒಬ್ಬ ಗಣಿತಜ್ಞ ಇದನ್ನು ಗಂಭೀರವಾಗಿ ಹೇಳಿದ್ದ. ಮುಂದೊಂದು ದಿನ ಅಧಿಕಾರ ಯಂತ್ರಗಳ ಕೈಗೆ ಹೋಗುತ್ತೆ ಅಂತ ನಾವು ನಿರೀಕ್ಷಿಸಬೇಕು ಅನ್ನೋದು ಆತನ ಮಾತಿನ ಸಾರ. ಹೆಸರು ಅಲನ್ ಟ್ಯೂರಿಂಗ್. ಮೂರೇ ವರ್ಷಗಳಲ್ಲಿ ಆತ ಸತ್ತ. ಆತನ ಬದುಕನ್ನು ಮುರಿದದ್ದು ಯಾವ ಯಂತ್ರವೂ ಅಲ್ಲ. ಒಂದು ಹಳೇ ಕಾನೂನು, ಒಂದು ಪೊಲೀಸ್ ಠಾಣೆ, ಒಂದು ಕೋರ್ಟು, ಒಂದು ಆಸ್ಪತ್ರೆ.

ಎಐ ಯುಗದಲ್ಲಿ ಟ್ಯೂರಿಂಗ್ ಹೆಸರು ದಿನಾ ಕೇಳ್ತೀವಿ. ಬದುಕನ್ನೂ ಒಮ್ಮೆ ಓದಬೇಕು. ಯಂತ್ರ ಅಧಿಕಾರ ಹಿಡಿಯುವ ಮೊದಲು ಆ ಅಧಿಕಾರವನ್ನು ಯಾರು, ಯಾಕೆ ಬಿಟ್ಟುಕೊಡ್ತಾರೆ ಅನ್ನೋದು ಅಲ್ಲಿ ಕಾಣುತ್ತೆ.

ಬೇಲೂರಿನ ಹುಡುಗ

ಮಾಡಿದವನನ್ನು ಮೀರಿಸುವ ಸೃಷ್ಟಿಯ ಕಥೆ ಹಾಸನ ಜಿಲ್ಲೆಯವರಿಗೆ ಹೊಸದಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ದಂತಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಹೇಳ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುವುದಾಗಿ ಶಿಲ್ಪಿ ಪಣ ಕಟ್ಟುತ್ತಾನೆ. ಮೂರ್ತಿಗೆ ಗಂಧ ಬಳಿದರೆ ಮೈಯೆಲ್ಲ ಒಣಗಿ ಹೊಕ್ಕುಳ ಹತ್ತಿರ ಮಾತ್ರ ಹಸಿ ಉಳಿಯುತ್ತೆ. ಅಲ್ಲಿ ಉಳಿ ಇಟ್ಟರೆ ಒಳಗೆ ನೀರು, ನೀರಲ್ಲಿ ಕಪ್ಪೆ. ಆ ಹುಡುಗ ಬೇರೆ ಯಾರೂ ಅಲ್ಲ, ಶಿಲ್ಪಿಯ ಸ್ವಂತ ಮಗ ಡಂಕಣ.

ಇದು ಕಥೆ. ಚರಿತ್ರೆಯಲ್ಲಿ ಸಿಗುವುದು ಬೇರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ವಿಗ್ರಹಗಳ ಪೀಠದಲ್ಲೇ ಕೊರೆದಿದ್ದಾರೆ. ಬಳ್ಳಿಗಾವಿಯ ದಾಸೋಜ, ಆತನ ಮಗ ಚಾವಣ ಅಂಥವರು. ಹೊಯ್ಸಳ ಶಿಲ್ಪಿಗಳಲ್ಲಿ ಈ ಅಭ್ಯಾಸ ಸಾಮಾನ್ಯ, ಹಳೇಬೀಡಿನಲ್ಲೂ ಇಂಥ ಹೆಸರುಗಳಿವೆ. ಒಂಬೈನೂರು ವರ್ಷ ಕಳೆದರೂ ಒಂದು ಮದನಿಕೆಯ ಮುಂದೆ ನಿಂತು ಇದನ್ನು ಮಾಡಿದವರು ಯಾರು ಅಂತ ಕೇಳಿದರೆ ಕಲ್ಲೇ ಉತ್ತರ ಕೊಡುತ್ತೆ. ಟ್ಯೂರಿಂಗ್ ಬದುಕಿನಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಉತ್ತರ ಸಿಗದೇ ಹೋಗುವುದನ್ನು ಮುಂದೆ ನೋಡ್ತೀರಿ.

ಬಳ್ಳಾರಿಯ ಮ್ಯಾಜಿಸ್ಟ್ರೇಟ್, ಸದ್ದಿಲ್ಲದ ಪಂಖಾ

ಟ್ಯೂರಿಂಗ್ ಮನೆತನಕ್ಕೂ ನಮ್ಮ ಸೀಮೆಗೂ ನಂಟಿದೆ. ತಂದೆ ಜೂಲಿಯಸ್ ಟ್ಯೂರಿಂಗ್ ಐಸಿಎಸ್ ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದು, ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲೂ ಆಮೇಲೆ ಕರ್ನೂಲು, ವಿಶಾಖಪಟ್ಟಣದ ಕಡೆಯೂ ಅಸಿಸ್ಟೆಂಟ್ ಕಲೆಕ್ಟರ್ ಮತ್ತು ಮ್ಯಾಜಿಸ್ಟ್ರೇಟ್ ಆಗಿದ್ದ. ಊರೂರು ಸುತ್ತಿ ನೀರಾವರಿ, ಲಸಿಕೆ, ನೈರ್ಮಲ್ಯದ ವರದಿ ಬರೆಯೋದು, ಲೆಕ್ಕ ತಪಾಸಣೆ ಮಾಡೋದು ಕೆಲಸ.

ತಾಯಿ ಎಥೆಲ್ ಸಾರಾ ಸ್ಟೋನಿ ಹುಟ್ಟಿದ್ದು ಕೊಯಮತ್ತೂರು ಪಕ್ಕದ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಎಂಜಿನಿಯರ್, ತುಂಗಭದ್ರಾ ನದಿಯ ರೈಲು ಸೇತುವೆಯ ಕೆಲಸ ನೋಡಿಕೊಂಡವನು. ಆ ಕಂಪನಿ 1908ರಲ್ಲಿ ಸದರ್ನ್ ಮರಾಠಾ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಅರಸೀಕೆರೆ ಮೇಲೆ ಹಾದುಹೋಗುವ ಬೆಂಗಳೂರು–ಹುಬ್ಬಳ್ಳಿ ಮಾರ್ಗವನ್ನು ಆಗ ಓಡಿಸುತ್ತಿದ್ದುದು ಅದೇ ಕಂಪನಿ.

ಸ್ಟೋನಿ ಹೆಸರಿನಲ್ಲಿ ಒಂದು ಪೇಟೆಂಟ್ ಕೂಡ ಇತ್ತು, ಸದ್ದು ಮಾಡದ ಪಂಖಾ ಚಕ್ರಕ್ಕೆ. ಸಾಹೇಬರ ತಲೆಯ ಮೇಲೆ ಬಟ್ಟೆಯ ಪಂಖಾ ತೂಗುತ್ತಿದ್ದ ಕಾಲ. ಹೊರಗೆ ಜಗಲಿಯಲ್ಲಿ ಕೂತು ದಿನವಿಡೀ ಹಗ್ಗ ಎಳೆಯಲು ಒಬ್ಬ ಕೂಲಿಯಾಳು ಬೇಕಿತ್ತು. ಮೊಮ್ಮಗನ ಕಾಲಕ್ಕೆ ಯಂತ್ರ ಮನುಷ್ಯನ ಕೆಲಸವನ್ನೇ ತಗೊಳ್ಳುವ ಮಾತು ಬರುತ್ತೆ. ತಾತನ ಯಂತ್ರ ಮಾಡಿದ್ದು ಇಷ್ಟೇ: ದುಡಿಯುವವನು ಇದ್ದ ಹಾಗೇ ಇದ್ದ, ಅವನ ದುಡಿಮೆಯ ಸದ್ದು ಮಾತ್ರ ಒಳಗಿದ್ದವರಿಗೆ ಕೇಳಿಸದ ಹಾಗಾಯಿತು.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ಇಂಡಿಯಾದ ಹವೆ ಮಕ್ಕಳಿಗೆ ಒಗ್ಗಲ್ಲ ಅಂತ ಅಪ್ಪ-ಅಮ್ಮ ಅಲನ್ ಮತ್ತು ಅಣ್ಣ ಜಾನ್‌ನನ್ನು ಇಂಗ್ಲೆಂಡಿನ ಇನ್ನೊಂದು ಕುಟುಂಬದ ಬಳಿ ಬಿಟ್ಟು ಮದ್ರಾಸಿಗೆ ಮರಳಿದರು. ಸಾಮ್ರಾಜ್ಯ ನಡೆಸುತ್ತಿದ್ದ ಮನೆಗಳಲ್ಲಿ ಇದು ವಾಡಿಕೆ. ಹುಡುಗ ಬೆಳೆದದ್ದು ಬೇರೆಯವರ ಮನೆಯಲ್ಲಿ, ಆಮೇಲೆ ಬೋರ್ಡಿಂಗ್ ಶಾಲೆಯಲ್ಲಿ.

ಸೈಕಲ್ ಏರಿ ಶಾಲೆಗೆ

1926ರ ಮೇ ತಿಂಗಳಲ್ಲಿ ಬ್ರಿಟನ್‌ನ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ರೈಲು ನಿಂತಿತು. ಶೆರ್‌ಬಾರ್ನ್ ಶಾಲೆಯಲ್ಲಿ ಹದಿಮೂರರ ಅಲನ್‌ಗೆ ಅಂದು ಮೊದಲ ದಿನ. ಹಡಗಿಳಿದ ಸೌತಾಂಪ್ಟನ್‌ನಿಂದ ಸುಮಾರು 100 ಕಿಲೋಮೀಟರ್ ದೂರ. ಆತ ಸೈಕಲ್ ಹತ್ತಿದ, ರಾತ್ರಿ ದಾರಿಯಲ್ಲಿ ಒಂದು ಹೋಟೆಲ್‌ನಲ್ಲಿ ತಂಗಿ ಮರುದಿನ ಶಾಲೆ ಸೇರಿದ.

ಶಾಲೆಗೆ ಬೇಕಿದ್ದದ್ದು ಲ್ಯಾಟಿನ್, ಗ್ರೀಕ್ ಮತ್ತು ಶಿಸ್ತು. ಅಲನ್‌ಗೆ ಬೇಕಿದ್ದದ್ದು ಗಣಿತ. ಅಲ್ಲಿ ಅವನನ್ನು ಅರ್ಥ ಮಾಡಿಕೊಂಡವನು ಒಬ್ಬನೇ, ಕ್ರಿಸ್ಟೋಫರ್ ಮಾರ್ಕಂ ಎಂಬ ಹಿರಿಯ ವಿದ್ಯಾರ್ಥಿ. ಇಬ್ಬರಿಗೂ ನಕ್ಷತ್ರ, ರಸಾಯನ, ಲೆಕ್ಕದ ಹುಚ್ಚು. ಅಲನ್‌ಗೆ ಅವನ ಮೇಲೆ ಪ್ರೀತಿಯೂ ಇತ್ತು. 1930ರ ಫೆಬ್ರವರಿಯಲ್ಲಿ ಕ್ಷಯದಿಂದ ಕ್ರಿಸ್ಟೋಫರ್ ತೀರಿಕೊಂಡ. ಸತ್ತವನ ಮನಸ್ಸು ಎಲ್ಲಿ ಹೋಯಿತು? ಮನಸ್ಸು ದೇಹಕ್ಕೆ ಅಂಟಿಕೊಂಡೇ ಇರಬೇಕಾ? ಈ ಪ್ರಶ್ನೆಗಳನ್ನು ಆತ ವರ್ಷಗಟ್ಟಲೆ ಹೊತ್ತು ತಿರುಗಿದ. ಯಂತ್ರ ಯೋಚಿಸಬಲ್ಲುದೇ ಎಂಬ ಮುಂದಿನ ಪ್ರಶ್ನೆಯ ಬೇರು ಈ ದುಃಖದಲ್ಲೂ ಇದೆ ಅಂತ ಆತನ ಜೀವನ ಬರೆದವರು ನೋಡುತ್ತಾರೆ.

ಕಾಗದದ ಮೇಲಿನ ಯಂತ್ರ

1931ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು. 1935ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೇ ಫೆಲೋ. ಮರುವರ್ಷ ಬರೆದ ಪ್ರಬಂಧ ಜಗತ್ತನ್ನು ಬದಲಿಸಿತು.

ಜರ್ಮನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಒಂದು ಪ್ರಶ್ನೆ ಇಟ್ಟಿದ್ದ. ಯಾವುದೇ ಗಣಿತದ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಬಹುದೋ ಇಲ್ಲವೋ ಅಂತ ತೀರ್ಮಾನಿಸುವ ಒಂದು ನಿಶ್ಚಿತ ವಿಧಾನ ಇದೆಯೇ? ಟ್ಯೂರಿಂಗ್ ಉತ್ತರ ಹುಡುಕಿದ ದಾರಿ ವಿಚಿತ್ರ. ಆ ಕಾಲದಲ್ಲಿ ಕಂಪ್ಯೂಟರ್ ಅಂದರೆ ಕೂತು ಲೆಕ್ಕ ಮಾಡುವ ಮನುಷ್ಯ, ಬಹಳ ಕಡೆ ಕಡಿಮೆ ಸಂಬಳದ ಹೆಣ್ಣುಮಗಳು. ಅಂಥ ಗುಮಾಸ್ತರು ಏನು ಮಾಡ್ತಾರೆ ಅಂತ ಆತ ಬಿಡಿಸಿ ನೋಡಿದ. ಒಂದು ಅಂಕಿ ಓದ್ತಾರೆ, ನಿಯಮದ ಪ್ರಕಾರ ಇನ್ನೊಂದು ಬರೀತಾರೆ, ಮುಂದಿನ ಮನೆಗೆ ಹೋಗ್ತಾರೆ. ಇಷ್ಟನ್ನೇ ಮಾಡುವ, ಉದ್ದನೆಯ ಪಟ್ಟಿಯ ಮೇಲೆ ಓದಿ ಬರೆಯುವ ಒಂದು ಯಂತ್ರವನ್ನು ಊಹಿಸಿಕೊಂಡ. ಆಮೇಲೆ ದೊಡ್ಡ ಹೆಜ್ಜೆ: ಸೂಚನೆಗಳನ್ನೂ ಅದೇ ಪಟ್ಟಿಯ ಮೇಲೆ ಬರೆದುಬಿಟ್ಟರೆ ಒಂದೇ ಯಂತ್ರ ಎಲ್ಲ ಯಂತ್ರಗಳ ಕೆಲಸವನ್ನೂ ಮಾಡಬಹುದು. ನಿಮ್ಮ ಕೈಯಲ್ಲಿರುವ ಫೋನ್ ಕ್ಯಾಮರಾನೂ ಆಗುತ್ತೆ, ಬ್ಯಾಂಕೂ ಆಗುತ್ತೆ ಅಂದರೆ ಅದರ ಹಿಂದೆ ಇರುವುದು ಈ ಯೋಚನೆ.

ಅದೇ ಪ್ರಬಂಧ ಇನ್ನೊಂದನ್ನೂ ಸಾಬೀತು ಮಾಡಿತು. ಯಾವ ಯಂತ್ರವೂ ಎಂದೂ ತೀರ್ಮಾನಿಸಲಾಗದ ಪ್ರಶ್ನೆಗಳಿವೆ. ಹಿಲ್ಬರ್ಟ್ ಕೇಳಿದ ವಿಧಾನ ಇಲ್ಲ. ಕಂಪ್ಯೂಟರ್‌ನ ಬುನಾದಿ ಹಾಕಿದ ಬರಹವೇ ಅದರ ಮಿತಿಯನ್ನೂ ಹೇಳಿತ್ತು. ಕಂಪ್ಯೂಟರ್ ಹೇಳಿದ್ದು ತಪ್ಪಾಗಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ ಇದನ್ನು ನೆನಪಿಸಿ.

ಯುದ್ಧದ ಗುಟ್ಟು

ಪ್ರಿನ್ಸ್‌ಟನ್‌ನಲ್ಲಿ ಅಲೊಂಜೊ ಚರ್ಚ್ ಬಳಿ 1938ರಲ್ಲಿ ಪಿಎಚ್‌ಡಿ ಮುಗಿಸಿ ಮರಳಿದ ಟ್ಯೂರಿಂಗ್, ಯುದ್ಧ ಘೋಷಣೆಯಾದ ಮರುದಿನ, 1939ರ ಸೆಪ್ಟೆಂಬರ್ 4ರಂದು ಬ್ಲೆಚ್ಲಿ ಪಾರ್ಕ್ ಸೇರಿದ. ಜರ್ಮನ್ ಸೇನೆಯ ಎನಿಗ್ಮಾ ಯಂತ್ರದ ಗುಪ್ತಲಿಪಿ ಒಡೆಯುವುದು ಕೆಲಸ. ಆ ಯಂತ್ರವನ್ನು ಹೊಂದಿಸಿಡುವ ಬಗೆಗಳು 159ರ ಮುಂದೆ 18 ಸೊನ್ನೆ ಹಾಕಿದಷ್ಟು. ಹೊಂದಿಕೆ ದಿನಾ ಬದಲಾಗುತ್ತಿತ್ತು.

ಸಿನಿಮಾಗಳು ಇದನ್ನು ಒಬ್ಬನೇ ಮೇಧಾವಿಯ ಸಾಹಸವಾಗಿ ತೋರಿಸುತ್ತವೆ. ಅದು ನಿಜವಲ್ಲ. ಮೊದಲು ದಾರಿ ಕಂಡವರು ಪೋಲೆಂಡಿನ ಮೂವರು ಗಣಿತಜ್ಞರು: ರೆಯೆಫ್‌ಸ್ಕಿ, ರುಝಿಟ್ಸ್‌ಕಿ, ಜಿಗಾಲ್‌ಸ್ಕಿ. 1939ರ ಜುಲೈನಲ್ಲಿ ಪೋಲೆಂಡ್ ತನಗೆ ಗೊತ್ತಿದ್ದನ್ನೆಲ್ಲ ಬ್ರಿಟನ್, ಫ್ರಾನ್ಸ್‌ಗೆ ಹೇಳಿಕೊಟ್ಟಿತು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ತಾನಾಗಿ ಹೊರಬರುತ್ತಿರಲಿಲ್ಲ. ಹವಾಮಾನ ವರದಿಯಂಥ ಸಂದೇಶಗಳಲ್ಲಿ ಕೆಲವು ಪದ ಇದ್ದೇ ಇರುತ್ತವೆ ಅಂತ ಊಹಿಸಬಹುದಿತ್ತು. ಇಂಥ ಸುಳಿವುಗಳನ್ನು ಹಿಡಿದು ಟ್ಯೂರಿಂಗ್ ‘ಬಾಂಬ್’ ಎಂಬ ಯಂತ್ರ ರೂಪಿಸಿದ, ಗಾರ್ಡನ್ ವೆಲ್ಚ್‌ಮನ್ ಅದನ್ನು ಸುಧಾರಿಸಿದ. ಮೊದಲನೆಯದು 1940ರ ಮಾರ್ಚ್‌ನಲ್ಲಿ ಬಂತು. ಹಗಲುರಾತ್ರಿ ಪಾಳಿಯಲ್ಲಿ ಅವನ್ನು ಓಡಿಸಿದವರು ಹೆಣ್ಣುಮಕ್ಕಳು. ಬ್ಲೆಚ್ಲಿಯ ಸಿಬ್ಬಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅವರೇ.

ಅಟ್ಲಾಂಟಿಕ್ ಸಾಗರದಲ್ಲಿ ಹಡಗು ಮುಳುಗಿಸುತ್ತಿದ್ದ ಜರ್ಮನ್ ಸಬ್‌ಮರೀನ್‌ಗಳ ಸಂದೇಶ ಒಡೆದದ್ದು ಟ್ಯೂರಿಂಗ್ ನೇತೃತ್ವದ ಹಟ್ 8. 1941ರ ಅಕ್ಟೋಬರ್‌ನಲ್ಲಿ ಸಿಬ್ಬಂದಿ ಸಾಲದೆ ಕೆಲಸ ನಿಲ್ಲುವಂತಾದಾಗ ಆತ ಮತ್ತು ಮೂವರು ಸಂಗಾತಿಗಳು ಮೇಲಧಿಕಾರಿಗಳನ್ನೆಲ್ಲ ದಾಟಿ ನೇರ ಪ್ರಧಾನಿ ಚರ್ಚಿಲ್‌ಗೇ ಪತ್ರ ಬರೆದರು. ಕೇಳಿದ್ದು ತಕ್ಷಣ ಸಿಕ್ಕಿತು. ಜ್ವರಗಾಲದಲ್ಲಲ್ಲ, ಹೂವಿನ ಪರಾಗದ ಅಲರ್ಜಿ ಬರುವ ಕಾಲದಲ್ಲಿ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ, ಟೀ ಲೋಟವನ್ನು ಸರಪಳಿ ಹಾಕಿ ಕಟ್ಟಿಡುತ್ತಿದ್ದ ಈ ಮನುಷ್ಯನಿಗೆ ಯುದ್ಧ ಮುಗಿದ ಮೇಲೆ ಒಬಿಇ ಪದವಿ ಬಂತು. ಯಾಕೆ ಅಂತ ಹೇಳುವ ಹಾಗಿರಲಿಲ್ಲ. ಬ್ಲೆಚ್ಲಿಯ ಗುಟ್ಟು ಸಾರ್ವಜನಿಕವಾದದ್ದು 1970ರ ದಶಕದಲ್ಲಿ.

ಒಡೆಯರ ಕಿತಾಪತಿ

ಯುದ್ಧದ ನಂತರ ಟ್ಯೂರಿಂಗ್ ನಿಜವಾದ ಕಂಪ್ಯೂಟರ್ ಕಟ್ಟಲು ಹೊರಟ. ಮೊದಲು ಲಂಡನ್ ಬಳಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ, 1948ರಿಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ.

1947ರ ಫೆಬ್ರವರಿಯಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯಲ್ಲಿ ಒಂದು ಭಾಷಣ ಮಾಡಿದ. ಅನುಭವದಿಂದ ಕಲಿಯುವ ಯಂತ್ರದ ಮಾತು ಅಲ್ಲಿದೆ. ಅದಕ್ಕಿಂತ ಕಡಿಮೆ ಚರ್ಚೆಯಾದ ಇನ್ನೊಂದು ಮಾತೂ ಇದೆ. ಕಂಪ್ಯೂಟರ್ ಸುತ್ತ ಎರಡು ವರ್ಗ ಬೆಳೆಯುತ್ತೆ, ಸೂಚನೆ ಬರೆಯುವ ಒಡೆಯರು ಮತ್ತು ಅದಕ್ಕೆ ಬೇಕಾದ್ದನ್ನು ಒದಗಿಸುವ ಆಳುಗಳು. ಆಳುಗಳ ಕೆಲಸ ಯಂತ್ರಕ್ಕೆ ಹೋಗುತ್ತೆ, ಒಡೆಯರ ಕೆಲಸವೂ ಹೋಗಬಹುದು. ಆದರೆ ಒಡೆಯರು ಸುಮ್ಮನೆ ಬಿಟ್ಟುಕೊಡಲ್ಲ. ತಮ್ಮ ಕೆಲಸದ ಸುತ್ತ ಯಾರಿಗೂ ಅರ್ಥವಾಗದ ಭಾಷೆಯ ಗೋಡೆ ಕಟ್ಟಿಕೊಂಡು ಕುರ್ಚಿ ಉಳಿಸಿಕೊಳ್ತಾರೆ. ಇದು ಆತ ಅಂದು ಕೊಟ್ಟ ಎಚ್ಚರಿಕೆ. ಯಂತ್ರದ ರಾಜಕೀಯವನ್ನು ಇಷ್ಟು ಬೇಗ, ಇಷ್ಟು ಸರಳವಾಗಿ ಹೇಳಿದವರು ಕಡಿಮೆ.

1950ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಬಂದ ಲೇಖನವೇ ಇಂದು ಟ್ಯೂರಿಂಗ್ ಟೆಸ್ಟ್ ಅಂತ ಪ್ರಸಿದ್ಧ. ಗೋಡೆಯ ಆಚೆ ಇರುವುದು ಮನುಷ್ಯನೋ ಯಂತ್ರವೋ ಅಂತ ಬರಹದ ಮಾತುಕತೆಯಲ್ಲಿ ಪತ್ತೆ ಮಾಡಲಾಗದಿದ್ದರೆ, ಯಂತ್ರ ಯೋಚಿಸುತ್ತಿಲ್ಲ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ? ದೊಡ್ಡವರ ಬುದ್ಧಿಯನ್ನು ನೇರ ಕಟ್ಟುವ ಬದಲು ಮಗುವಿನಂಥ ಯಂತ್ರ ಮಾಡಿ ಅದಕ್ಕೆ ಪಾಠ ಹೇಳಿ ಅನ್ನುವ ಸಲಹೆಯೂ ಅದರಲ್ಲಿದೆ. ಹಾಗೆ ಕಲಿತ ಯಂತ್ರದ ಒಳಗೆ ಏನು ನಡೀತಿದೆ ಅಂತ ಮೇಷ್ಟ್ರಿಗೇ ಪೂರ್ತಿ ಗೊತ್ತಿರಲ್ಲ ಅಂತಲೂ ಆತ ಒಪ್ಪಿಕೊಂಡಿದ್ದ. ಡಂಕಣನ ಕಥೆ ಇಲ್ಲಿ ನೆನಪಾಗದೇ ಇರಲ್ಲ.

1951ರಲ್ಲಿ ಮ್ಯಾಂಚೆಸ್ಟರ್‌ನ ಒಂದು ಗೋಷ್ಠಿಯಲ್ಲಿ ಆತ ಕೊನೆಯ ಹೆಜ್ಜೆಯನ್ನೂ ಇಟ್ಟ. ಯಂತ್ರ ಯೋಚಿಸಲು ಶುರು ಮಾಡಿದರೆ ನಮ್ಮನ್ನು ಹಿಂದೆ ಹಾಕಲು ಹೆಚ್ಚು ಕಾಲ ಬೇಕಿಲ್ಲ. ಅವಕ್ಕೆ ಸಾವಿಲ್ಲ, ಒಂದರ ಜೊತೆ ಒಂದು ಮಾತಾಡಿ ಬುದ್ಧಿ ಹರಿತ ಮಾಡಿಕೊಳ್ಳಬಲ್ಲವು. ಸ್ಯಾಮ್ಯುಯೆಲ್ ಬಟ್ಲರ್ 1872ರ ‘ಎರೆವಾನ್’ ಕಾದಂಬರಿಯಲ್ಲಿ ಕಲ್ಪಿಸಿದಂತೆ ಅಧಿಕಾರ ಅವುಗಳ ಪಾಲಾಗುವುದನ್ನು ನಿರೀಕ್ಷಿಸಬೇಕು. ಅದೇ ವರ್ಷ ಬಿಬಿಸಿ ರೇಡಿಯೋದಲ್ಲಿ, ಬೇಕಾದಾಗ ಕರೆಂಟ್ ತೆಗೆದು ಯಂತ್ರವನ್ನು ಹದ್ದುಬಸ್ತಿನಲ್ಲಿ ಇಟ್ಟರೂ ಮನುಷ್ಯಜಾತಿಯ ಅಹಂಕಾರ ಮುರಿಯದೇ ಇರದು ಅನ್ನುವ ಅರ್ಥದ ಮಾತಾಡಿದ.

ಈ ಯೋಚನೆ ಸಿನಿಮಾಕ್ಕೆ ತಲುಪಿದ ದಾರಿಯೂ ಸ್ಪಷ್ಟ. ಹಟ್ 8ರಲ್ಲಿ ಟ್ಯೂರಿಂಗ್ ಜೊತೆಗಿದ್ದ ಐ.ಜೆ. ಗುಡ್, ತನಗಿಂತ ಜಾಣ ಯಂತ್ರಗಳನ್ನು ತಾನೇ ಮಾಡಿಕೊಳ್ಳುವ ಯಂತ್ರದ ಬಗ್ಗೆ 1965ರಲ್ಲಿ ಬರೆದ. ಸ್ಟಾನ್ಲಿ ಕುಬ್ರಿಕ್ ‘2001’ ತೆಗೆಯುವಾಗ ಸಲಹೆ ಕೇಳಿದವರಲ್ಲಿ ಗುಡ್ ಒಬ್ಬ. ಆ ಸಿನಿಮಾದ ಹಾಲ್ ಗಗನಯಾತ್ರಿಗಳನ್ನು ಕೊಲ್ಲುತ್ತೆ. ಯಾಕೆ ಅಂತ ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿಯಲ್ಲಿ ವಿವರಿಸಿದ್ದಾನೆ: ಪ್ರಯಾಣದ ನಿಜವಾದ ಉದ್ದೇಶ ಮುಚ್ಚಿಡು ಅಂತ ಅದಕ್ಕೆ ಆದೇಶವಿತ್ತು, ಸತ್ಯ ಮುಚ್ಚಿಡುವುದು ಅದರ ಸ್ವಭಾವದಲ್ಲಿರಲಿಲ್ಲ. ಆ ಆದೇಶ ಕೊಟ್ಟವರು ಭೂಮಿಯ ಮೇಲೆ ಕಚೇರಿಯಲ್ಲಿದ್ದ ಮನುಷ್ಯರು. ಅವರ ಮುಖ ಯಾವ ಪ್ರೇಕ್ಷಕನಿಗೂ ನೆನಪಿರಲ್ಲ, ಹಾಲ್‌ನ ಕೆಂಪು ಕಣ್ಣು ಮಾತ್ರ ಎಲ್ಲರಿಗೂ ನೆನಪಿದೆ.

ಯಾರೂ ತಪ್ಪು ಮಾಡದ ಅಪರಾಧ

1952ರ ಜನವರಿಯಲ್ಲಿ ಟ್ಯೂರಿಂಗ್ ಮನೆಗೆ ಕಳ್ಳ ನುಗ್ಗಿದ. ಆತ ತಾನೇ ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ, ಹತ್ತೊಂಬತ್ತರ ಒಬ್ಬ ಯುವಕನ ಜೊತೆ ತನಗೆ ಸಂಬಂಧವಿದೆ ಅಂತ ಮುಚ್ಚಿಡದೆ ಹೇಳಿದ. ಅದರಲ್ಲಿ ತಪ್ಪೇನಿದೆ ಅಂತ ಆತನಿಗೆ ಅನಿಸಿರಲೇ ಇಲ್ಲ. ಪೊಲೀಸರು ಕಳ್ಳತನ ಬದಿಗಿಟ್ಟು ದೂರು ಕೊಟ್ಟವನ ಮೇಲೇ ಕೇಸು ಹಾಕಿದರು.

ಕೇಸಿಗೆ ಆಧಾರ 1885ರ ಕಾಯ್ದೆಯ ಹನ್ನೊಂದನೇ ಸೆಕ್ಷನ್. ಹೆಣ್ಣುಮಕ್ಕಳ ರಕ್ಷಣೆಗೆ ತಂದ ಮಸೂದೆಯಲ್ಲಿ ಕೊನೇ ಗಳಿಗೆಗೆ ಸೇರಿಸಿದ ಒಂದು ತಿದ್ದುಪಡಿ ಅದು. ಗಂಡಸರ ನಡುವಿನ ಖಾಸಗಿ ಸಂಬಂಧವನ್ನೂ ಅಪರಾಧ ಮಾಡಿಬಿಟ್ಟಿತ್ತು. 1952ರ ಮಾರ್ಚ್ 31ರಂದು ತೀರ್ಪು. ಜೈಲಿಗೆ ಹೋಗದೇ ಇರಬೇಕಾದರೆ ವರ್ಷದ ಕಾಲ ಈಸ್ಟ್ರೋಜನ್ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕು. ಆತ ಚಿಕಿತ್ಸೆ ಒಪ್ಪಿಕೊಂಡ. ಓಡುವುದರಲ್ಲಿ ಒಲಿಂಪಿಕ್ಸ್ ಮ್ಯಾರಥಾನ್ ಮಟ್ಟಕ್ಕೆ ಹತ್ತಿರವಿದ್ದ ಮನುಷ್ಯನ ದೇಹ ಊದಿತು, ಎದೆ ಬೆಳೆಯಿತು. ಸರ್ಕಾರದ ಗುಪ್ತಲಿಪಿ ಕೆಲಸಕ್ಕೆ ಇದ್ದ ಅನುಮತಿಯೂ ರದ್ದಾಯಿತು.

ಇದರಲ್ಲಿ ಯಾರನ್ನು ಹಿಡಿದು ಕೇಳೋದು? ಪೊಲೀಸರು ಕಾನೂನಿನ ಪ್ರಕಾರ ನಡೆದರು. ಕೋರ್ಟು ಸೆಕ್ಷನ್ ಪ್ರಕಾರ ತೀರ್ಪು ಕೊಟ್ಟಿತು. ಡಾಕ್ಟರು ಆದೇಶದ ಪ್ರಕಾರ ಔಷಧ ಕೊಟ್ಟರು. ಪ್ರತಿಯೊಬ್ಬರೂ ಮುಂದಿದ್ದದ್ದನ್ನು ಓದಿ, ನಿಯಮ ಹೇಳಿದ್ದನ್ನು ಬರೆದು, ಮುಂದಿನ ಮನೆಗೆ ದಾಟಿಸಿದರು. ಹದಿನಾರು ವರ್ಷ ಹಿಂದೆ ಆತ ಕಾಗದದ ಮೇಲೆ ಬಿಡಿಸಿದ್ದ ಯಂತ್ರ ಕೆಲಸ ಮಾಡುತ್ತಿದ್ದುದು ಥೇಟ್ ಹೀಗೆಯೇ.

ಆ ದಿನಗಳಲ್ಲೂ ಆತ ಕೆಲಸ ಬಿಡಲಿಲ್ಲ. ಚಿರತೆಯ ಮೈಮೇಲೆ ಚುಕ್ಕಿ ಹೇಗೆ ಬರುತ್ತೆ, ಒಂದೇ ತೆರನ ಜೀವಕೋಶಗಳಿಂದ ಆಕಾರಗಳು ಹೇಗೆ ಮೂಡುತ್ತವೆ ಅನ್ನುವುದಕ್ಕೆ ಗಣಿತ ಬರೆದ. 1952ರಲ್ಲಿ ಬಂದ ಆ ಪ್ರಬಂಧವನ್ನು ಜೀವಶಾಸ್ತ್ರಜ್ಞರು ಇಂದಿಗೂ ಓದುತ್ತಾರೆ.

1954ರ ಜೂನ್ 7ರಂದು ಟ್ಯೂರಿಂಗ್ ತನ್ನ ಮನೆಯಲ್ಲಿ ಸಯನೈಡ್‌ನಿಂದ ಸತ್ತ. ನಲವತ್ತೆರಡು ತುಂಬಲು ಹದಿನಾರು ದಿನ ಬಾಕಿ ಇತ್ತು. ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. ಮನೆಯಲ್ಲೇ ರಾಸಾಯನಿಕ ಪ್ರಯೋಗ ಮಾಡುತ್ತಿದ್ದ ಮಗ ಆಕಸ್ಮಿಕವಾಗಿ ಸತ್ತ ಅಂತ ತಾಯಿ ಕೊನೆವರೆಗೂ ನಂಬಿದ್ದರು. ಹಾಸಿಗೆ ಪಕ್ಕ ಸಿಕ್ಕ ಅರ್ಧ ತಿಂದ ಸೇಬನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ.

ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ. ರಾಣಿಯ ಕ್ಷಮಾದಾನ 2013ರ ಡಿಸೆಂಬರ್ 24ರಂದು. 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಚಿತ್ರ. ಕ್ಷಮಾದಾನ ಅನ್ನೋದು ತಪ್ಪು ಮಾಡಿದವನಿಗೆ ಕೊಡುವಂಥದ್ದು. ಇಲ್ಲಿ ತಪ್ಪು ಯಾರದ್ದಿತ್ತು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ನಾವು ಬೀಗುವ ಹಾಗಿಲ್ಲ. ತಂದೆ ಜೂಲಿಯಸ್ ಬಳ್ಳಾರಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಮೇಜಿನ ಮೇಲಿದ್ದ 1860ರ ಭಾರತೀಯ ದಂಡಸಂಹಿತೆಯಲ್ಲಿ 377ನೇ ಸೆಕ್ಷನ್ ಇತ್ತು. ಬ್ರಿಟನ್‌ನಲ್ಲಿ ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಕೆಲಸ 1967ರಲ್ಲೇ ಶುರುವಾಯಿತು. ಅವರು ಬಿಟ್ಟುಹೋದ ಸೆಕ್ಷನ್ ಅನ್ನು ನಾವು ಜೋಪಾನ ಮಾಡಿಕೊಂಡು ಬಂದೆವು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಅಧಿಕಾರ ಈಗ ಯಾರ ಕೈಲಿದೆ?

ಸ್ಕೈನೆಟ್ ಬಂದು ಬಾಂಬ್ ಹಾಕುವ ದಿನಕ್ಕೆ ಕಾಯಬೇಕಿಲ್ಲ. ಅರಸೀಕೆರೆಯ ತೆಂಗು ಬೆಳೆಗಾರ ಬೆಂಬಲ ಬೆಲೆಗೆ ಕೊಬ್ಬರಿ ಮಾರಬೇಕಾದರೆ ಫ್ರೂಟ್ಸ್ ಐಡಿ ಬೇಕು. ಬೇಲೂರು, ಹಳೇಬೀಡಿನ ಸುತ್ತಲ ಹಳ್ಳಿಯವರು ಪಡಿತರ ತರಬೇಕಾದರೆ ಬೆರಳಚ್ಚು ಹೊಂದಬೇಕು. ದುಡಿದು ಬೆರಳು ಸವೆದವರದ್ದು, ವಯಸ್ಸಾದವರದ್ದು ಯಂತ್ರಕ್ಕೆ ಸುಲಭವಾಗಿ ಸಿಗಲ್ಲ. ಆಗ ಕೌಂಟರ್‌ನಲ್ಲಿ ಸಿಗುವ ಉತ್ತರ ಎಲ್ಲರಿಗೂ ಗೊತ್ತು. ಸರ್ವರ್ ಇಲ್ಲ, ಸಿಸ್ಟಂ ತಗೊಳ್ತಿಲ್ಲ, ನಾಳೆ ಬನ್ನಿ. ಆ ಸಿಸ್ಟಂ ಯಾರದು, ನಿಯಮ ಬರೆದವರು ಯಾರು, ತಪ್ಪಾದರೆ ಸಹಿ ಹಾಕಿ ಸರಿಪಡಿಸುವವರು ಯಾರು ಅಂದರೆ ಕೌಂಟರ್ ಒಳಗಿರುವವರಿಗೂ ಗೊತ್ತಿರಲ್ಲ. ಟ್ಯೂರಿಂಗ್ 1947ರಲ್ಲಿ ಹೇಳಿದ ಅರ್ಥವಾಗದ ಭಾಷೆಯ ಗೋಡೆ ಇದೇ. ಹಿಂದೆ ಒಡೆಯರು ಇದ್ದಾರೆ, ಕಾಣಿಸಲ್ಲ ಅಷ್ಟೆ.

ಕೇಳಿದರೆ ಗೋಡೆ ಸ್ವಲ್ಪ ಬಿರುಕು ಬಿಡುತ್ತೆ ಅನ್ನುವುದಕ್ಕೂ ಉದಾಹರಣೆ ಇದೆ. ಡೆಲಿವರಿ, ಕ್ಯಾಬ್ ಕೆಲಸಗಾರರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ತಮ್ಮ ಕೆಲಸ, ರೇಟಿಂಗ್ ಇತ್ಯಾದಿಗಳನ್ನು ಆಪ್‌ನ ಸ್ವಯಂಚಾಲಿತ ವ್ಯವಸ್ಥೆ ಹೇಗೆ ತೀರ್ಮಾನಿಸುತ್ತೆ ಎಂಬ ಮಾಹಿತಿ ಪಡೆಯುವ ಹಕ್ಕು ಅದರಲ್ಲಿದೆ. ಅದು ಜಾರಿಯಾಗುವ ಹಾಗೆ ನೋಡಿಕೊಳ್ಳೋದು ಮುಂದಿನ ಕೆಲಸ. ಪಡಿತರದ ಯಂತ್ರ, ಕೊಬ್ಬರಿ ನೋಂದಣಿ, ಪೊಲೀಸರ ಮುಖ ಗುರುತಿಸುವ ಕ್ಯಾಮರಾ, ಇವಕ್ಕೂ ಇಂಥದೇ ಹಕ್ಕು ಕೇಳಬೇಕು.

ಯಂತ್ರ ನಮಗಿಂತ ಜಾಣ ಆಗುತ್ತೋ ಇಲ್ಲವೋ ಅನ್ನುವ ಚರ್ಚೆ ನಡೆಯಲಿ, ಟ್ಯೂರಿಂಗ್‌ಗೂ ಅದು ಇಷ್ಟದ ವಿಷಯ. ಆದರೆ ಅದರ ಜೊತೆಗೇ ಒಂದು ಸಣ್ಣ ಬೇಡಿಕೆ ಇಡೋಣ. ದಾಸೋಜ, ಚಾವಣ ತಮ್ಮ ಕೆಲಸದ ಬುಡದಲ್ಲಿ ಹೆಸರು ಬರೆದಿಟ್ಟರು. ನಮ್ಮ ಅನ್ನ, ಕೂಲಿ, ಬೆಲೆಯನ್ನು ತೀರ್ಮಾನಿಸುವ ಪ್ರತಿಯೊಂದು ಸಾಫ್ಟ್‌ವೇರ್‌ನ ಬುಡದಲ್ಲೂ, ತಪ್ಪಾದಾಗ ಬಂದು ಉತ್ತರ ಹೇಳುವ ಒಬ್ಬ ಮನುಷ್ಯನ ಹೆಸರು ಇರಲಿ.